ಉಪ್ಪು ಕಮ್ಮಿ

ತೊಲೂಕಾ ಊರಿನಲ್ಲಿ ಜನವರಿ, ಬೆಳಗಿನ ಐದು ಗಂಟೆ.
ನೆವಾಡೊ ಬೆಟ್ಟ ಹಿಮ ಹೊದ್ದು ಮಲಗಿದೆ, ಇನ್ನೂ ಎದ್ದಿಲ್ಲ.
ತಟ್ಟೆ ತೊಳೆಯುವ ನಾನು ಎದ್ದಿದ್ದೇನೆ.
ನಲ್ಲಿಯ ನೀರು ಬೆರಳು ಕಚ್ಚಿ ಹಿಡಿದು
ಬಿಡಲೊಲ್ಲದು.

ಮೂವತ್ತೊಂದು ವರ್ಷ ಈ ಗಾಡಿಯ ಮೇಲೆ
ಹಂದಿಮಾಂಸ ಕುದಿದಿದೆ.
ಹಲಗೆಯೊಳಕ್ಕೂ ಕೊಬ್ಬು ಇಳಿದು,
ಬಿಸಿಲು ಬಿದ್ದರೆ ಮರವೇ ಬೆವರುತ್ತದೆ.
ಡಿಸೆಂಬರಿನಲ್ಲಿ ದೋನ್ ನಿಕಾನೋರನ ಹೆಬ್ಬೆರಳು
ಊದಿ ಬದನೆಕಾಯಿಯಾಯಿತು.
ಡಾಕ್ಟರು ಒಂದೇ ಮಾತು ಹೇಳಿದರು: ಮಾಂಸ ಬಿಡು.
ಬಿಟ್ಟು? ಎಂದು ಕೇಳಿದ.
ಅದಕ್ಕೆ ಅವರಲ್ಲಿ ಮಾತ್ರೆ ಇರಲಿಲ್ಲ.

ಉತ್ತರ ತಂದವಳು ಹೆಂಡತಿ ಒಬ್ದುಲಿಯಾ,
ಸಂತೆಯಿಂದ, ಬೆನ್ನಿಗೆ ಕಟ್ಟಿದ ಗಂಟಿನಲ್ಲಿ.
ಮಣ್ಣು ಮೆತ್ತಿದ ಬೀಟ್‌ರೂಟು,
ಇಬ್ಬನಿ ಕುಡಿದು ಬಿಗಿದುಕೊಂಡ ಹೂಕೋಸು,
ಯಾರೂ ಬಿತ್ತದೆ ಹೊಲದ ಬದುವಿಗೆ ತಾನೇ ಬಂದ ಸೊಪ್ಪು,
ಮತ್ತೆ ಒಂದು ಕುಂಬಳ. ಅದನ್ನು ಇಳಿಸುವಾಗ
ಮಲಗಿದ ಕೂಸನ್ನು ಇಳಿಸುವಂತೆ ಬಗ್ಗಿದಳು.

ಮಚ್ಚು ಮಾತ್ರ ಹಳೆಯದೇ,
ಎಲುಬಿನ ಗಿಣ್ಣು ಹುಡುಕಿ ಹುಡುಕಿ ಬಾಯಿ ಸವೆದದ್ದು.
ಕುಂಬಳದ ಮೇಲೆ ಬಿದ್ದು ತಬ್ಬಿಬ್ಬಾಯಿತು,
ಗಿಣ್ಣೆಲ್ಲಿ ಎಂದು ಕೇಳಿದಂತೆ ಅರ್ಧಕ್ಕೆ ನಿಂತಿತು.
ಅವಳು ಹಿಡಿಯ ಮೇಲೆ ಮೈಭಾರ ಬಿಟ್ಟಳು.
ಒಡೆಯಿತು. ಒಳಗೆ ಕೆಂಡದ ಬಣ್ಣ, ನಾರು,
ಎಂದೋ ಮಳೆಗಾಲದಲ್ಲಿ ಕುಡಿದಿಟ್ಟ ನೀರಿನ ವಾಸನೆ.

"ಬೀಜ ಎಸೆಯಬೇಡ" ಎಂದಿತು ಮೂಲೆಯ ಸ್ಟೂಲು.
ಈರುಳ್ಳಿ ಮೂಟೆಯ ಮೇಲೆ ಕಾಲು ನೀಡಿ
ಕೂತಿದ್ದಾನಲ್ಲಿ, ಗಾದಿ ಕಳೆದುಕೊಂಡ ದೊರೆ,
ಒಂದೇ ಕಾಲಿಗೆ ಉಣ್ಣೆಯ ಚೀಲ.
"ಬೆಂಕಿ ಜಾಸ್ತಿಯಾಯ್ತು."
"ಸೊಪ್ಪು ಹಾಗೆ ಹಿಂಡುತ್ತಾರೇನು?"
"ಹಸುವಿನ ಮೇವು ಹಾಕ್ತೀಯಲ್ಲ,
ಗಿರಾಕಿಗಳಿಗೆ ಕೊಂಬು ಮೂಡಲಿ, ಆಗ ನೋಡು."
ಅವಳು ಮಾತಾಡುವುದಿಲ್ಲ. ಬೆಳ್ಳುಳ್ಳಿ ಜಜ್ಜುತ್ತಾಳೆ,
ಬೇಕಾದ್ದಕ್ಕಿಂತ ಒಂದು ಏಟು ಹೆಚ್ಚು.

ಹೂಕೋಸಿಗೆ ಅವಸರ ಆಗದು, ಆವತ್ತು ಕಲಿತೆ.
ಕಾವಲಿಗೆ ಒತ್ತಿ, ಬಿಟ್ಟು, ಮರೆತವಳಂತೆ
ಬೇರೆ ಕೆಲಸಕ್ಕೆ ಕೈ ಹಾಕಬೇಕು.
ಕದಲಿಸುತ್ತಿದ್ದರೆ ಬೇಯುತ್ತದೆ, ಅಷ್ಟೆ.
ಸುಮ್ಮನಿದ್ದರೆ ಅಂಚು ಕಪ್ಪಾಗಿ
ಹುರಿದ ಕಡಲೆಕಾಯಿಯ ಘಮ ಏಳುತ್ತದೆ.
ಆ ಘಮ ಸುಳಿದಾಗ ಮೂಲೆಯ ಬೈಗುಳ
ಒಂದು ಗಳಿಗೆ ನಿಂತಿತ್ತು.
ನಾನು ಗಮನಿಸಿದೆ. ಅವಳೂ.
ತಿರುಗಿ ಮಾತ್ರ ನೋಡಲಿಲ್ಲ.

ಸುಣ್ಣದ ನೀರಲ್ಲಿ ಬೆಂದು ಅರೆದ ಮುಸುಕಿನ ಜೋಳ
ಅಂಗೈಯಿಂದ ಅಂಗೈಗೆ ದಾಟಿ ದಾಟಿ ತೆಳ್ಳಗಾಗಿ
ಕಾವಲಿಗೆ ಬಿದ್ದು ಉಬ್ಬುವ ಹೊತ್ತಿಗೆ
ಮೊದಲ ಬಸ್ಸಿನ ಡ್ರೈವರು ಸೆವೆರಿಯಾನೊ ಬಂದ.
"ಎರಡು ಹಂದಿ."
"ಇಲ್ಲ."
"ನಾಲಿಗೆ?"
"ಅದೂ ಇಲ್ಲ."
"ಮತ್ತೇನಿದೆ?"
"ಚಳಿಗಾಲ ಇದೆ" ಎಂದಳು ಒಬ್ದುಲಿಯಾ,
"ಕುಂಬಳದ್ದು ಕೊಡಲೋ, ಸೊಪ್ಪಿನದ್ದೋ?"

ನಿಂತೇ ತಿಂದ. ಅರ್ಧ ತಿಂದು ತಡೆದ,
ಕೆಂಪು ಸಾಲ್ಸಾ ಸುರಿದುಕೊಂಡ, ನಿಂಬೆ ಹಿಂಡಿದ,
ಉಳಿದದ್ದು ತಿಂದ. ಹೊಗಳಲಿಲ್ಲ.
"ನಾಳೆ ಹಂದಿ ಇರುತ್ತಾ?" ಎಂದು ಕೇಳುತ್ತಲೇ
ಮೂರನೆಯದನ್ನು ಕಾಗದದಲ್ಲಿ ಸುತ್ತಿಸಿಕೊಂಡು
ಬಸ್ಸಿಗೆ ಓಡಿದ.

ಹತ್ತರ ಹೊತ್ತಿಗೆ ಕಾವಲಿ ಬರಿದು.
ಬಿಸಿಲು ಬಂದು ಹಲಗೆ ಬೆವರಿತು, ರೂಢಿಯಂತೆ.
ತಟ್ಟೆ ಎಣಿಸಿದೆ, ಒಂದು ಕಡಿಮೆ.
ಸ್ಟೂಲಿನಡಿ ಸಿಕ್ಕಿತು, ತೋರ್ತಿಯಾದಿಂದ ಒರೆಸಿ ಒರೆಸಿ
ನನ್ನ ಕೆಲಸ ನನಗಿಲ್ಲದಷ್ಟು ಚೊಕ್ಕ.

ದೋನ್ ನಿಕಾನೋರ ಬೆಟ್ಟದ ಕಡೆ ನೋಡುತ್ತಿದ್ದ.
ಮೀಸೆಯ ತುದಿಯಲ್ಲಿ ಹುರಿದ ಕುಂಬಳಬೀಜದ ಸಿಪ್ಪೆ,
ಬೆರಳಿಗೆ ಬೀಟ್‌ರೂಟಿನ ಬಣ್ಣ, ಮದರಂಗಿ ಹಚ್ಚಿದಂತೆ.
"ಉಪ್ಪು ಕಮ್ಮಿ" ಎಂದ,
ಯಾರನ್ನೂ ಉದ್ದೇಶಿಸದೆ.

ಅವಳು ತಿರುಗದೆಯೇ
ಉಪ್ಪಿನ ಬಟ್ಟಲನ್ನು
ಅವನ ಕಡೆಗೆ ಒಂದು ಗೇಣು ಸರಿಸಿದಳು.